ಹಿಂದಿನಿಂದ ತಳ್ಳುವ ಎಂಜಿನ್

ಮಗುವಿಗೆ ಪಾಠ ತಿಳಿಯಿತೋ ಇಲ್ಲವೋ ಎಂಬುದು ದೀಪ ಹತ್ತಿದಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವಂತಿದ್ದರೆ ಏನಾಗುತ್ತಿತ್ತು? ನನ್ನ ಅಜ್ಜಿಯ ಕಾಲದ ಮಾಸ್ತರುಗಳಿಗೆ ಈ ಪ್ರಶ್ನೆ ಕೇಳಿದ್ದರೆ ನಕ್ಕು ಬೆತ್ತ ಎತ್ತಿಕೊಳ್ಳುತ್ತಿದ್ದರು. ನಮ್ಮ ಕಾಲಕ್ಕೆ ಅದು ನಿಜವಾಯಿತು, ಮತ್ತು ಆ ದೀಪಗಳನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಸರ್ವಮಂಗಳಾ ಹೂಗಾರ, ಧಾರವಾಡದ ಕಲಿಕಾ ನಿಯಂತ್ರಣ ಕೊಠಡಿಯಲ್ಲಿ ಸಂಕೇತ ವಿಭಾಗದ ಎಂಜಿನಿಯರ್. ಜಂಬದ ಹೆಂಗಸು ಎಂದು ನನ್ನ ಗಂಡ ಚನ್ನವೀರ ಹೇಳುತ್ತಾರೆ. ಇರಲಿ. ಕಾರಣವಿಲ್ಲದೆ ಜಂಬ ಪಡುವವರೇ ಊರ ತುಂಬ ಇರುವಾಗ ಕಾರಣವಿರುವ ನಾನೇಕೆ ತಲೆ ತಗ್ಗಿಸಲಿ? ಇದೂ ಜಂಬದ ಕಥೆಯೇ. ಯಾವುದರ ಬಗ್ಗೆ ಜಂಬ ಎಂಬುದು ಮಾತ್ರ ನಡುವೆ ಬದಲಾಯಿತು.

ಮೊದಲು ಹಣೆಪಟ್ಟಿಯ ಬಗ್ಗೆ ಹೇಳಬೇಕು. ಹತ್ತಿ ಬಟ್ಟೆಯೊಳಗೆ ಹೊಲಿದ ತೆಳ್ಳನೆಯ ಸಂವೇದಕಗಳ ಸಾಲು ಅದು. ಮಿದುಳಿನ ಮುಂಭಾಗದಲ್ಲಿ ರಕ್ತದ ಓಟ ಹೇಗಿದೆ, ವಿದ್ಯುತ್ ಅಲೆಗಳು ಹೇಗೆ ಏಳುತ್ತಿವೆ ಎಂಬುದನ್ನು ಅಳೆಯುತ್ತದೆ. ಗೊತ್ತಿಲ್ಲದ್ದು ಗೊತ್ತಾಗುವ ಕ್ಷಣದಲ್ಲಿ ಇವೆರಡೂ ಒಟ್ಟಿಗೆ ಜಿಗಿಯುತ್ತವೆ. ಆ ಜಿಗಿತಕ್ಕೆ ನಾವು ಹೊಳಹು ಎನ್ನುತ್ತೇವೆ. ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ಕೂತ ಮಗುವಿಗೆ ಪರದೆಯ ಮೇಲೆ ಬೋಧಕ ಎಂಬ ಯಂತ್ರ ಪಾಠ ಹೇಳುತ್ತದೆ. ಹೊಳಹು ಬರದಿದ್ದರೆ ಇನ್ನೊಂದು ಬಗೆಯಲ್ಲಿ ಹೇಳುತ್ತದೆ, ಬಂದ ಕೂಡಲೇ ಮುಂದಿನ ಪಾಠಕ್ಕೆ ಹೋಗುತ್ತದೆ. ಬೈಯುವುದಿಲ್ಲ, ಬೇಸರಿಸುವುದಿಲ್ಲ, ಚಹಾಕ್ಕೆಂದು ಎದ್ದು ಹೋಗುವುದಿಲ್ಲ. ಇತ್ತ ನಮ್ಮ ಕೊಠಡಿಯ ಗೋಡೆಯ ಮೇಲೆ, ಏಳು ಜಿಲ್ಲೆಗಳ ನಕಾಶೆಯಲ್ಲಿ, ಆ ಮನೆ ಇರುವ ಜಾಗದಲ್ಲಿ ಹಸಿರು ಚುಕ್ಕೆಯೊಂದು ಮಿನುಗುತ್ತದೆ.

ಇದನ್ನು ಹಗುರವಾಗಿ ಕಾಣಬೇಡಿ. ಗಣಿತಕ್ಕೆ ಮಾಸ್ತರರೇ ಬಾರದಿದ್ದ ಕಾಡಂಚಿನ ಊರುಗಳಲ್ಲಿ ಬೀಜಗಣಿತದ ಚುಕ್ಕೆಗಳು ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ನೋಡಿದ ದಿನ ಮನೆಗೆ ಪೇಢಾ ಒಯ್ದಿದ್ದೆ. ಈ ಮನೆಪಾಠ ಬಂದ ಮೇಲೆ ಹಳೆಯ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಯಾರೂ ಅಷ್ಟಾಗಿ ಅಳಲಿಲ್ಲ, ನಾನಂತೂ ಇಲ್ಲ. ಏಕೆಂದರೆ ಏಳು ಜಿಲ್ಲೆಗಳಲ್ಲಿ ಆರನೇ ತರಗತಿಯ ಮೊದಲ ಸಾಲಿನಲ್ಲಿ ಮಿನುಗುತ್ತಿದ್ದ ಹೊನ್ನಮ್ಮ ಹೂಗಾರ ಎಂಬ ಚುಕ್ಕೆ ನನ್ನ ಮಗಳು ಹೊನ್ನಿಯದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನದು ಹೆಗ್ಗಣವಲ್ಲ ಎಂಬುದಕ್ಕೆ ಸರಕಾರದ ಗೋಡೆಯೇ ಸಾಕ್ಷಿ ಇತ್ತು.

ಹೀಗಿರುವಾಗ ಹುಬ್ಬಳ್ಳಿಯ ರೈಲ್ವೆ ಕಾಲನಿಯ ಶಾಲೆಯೊಂದು ಉಳಿದುಕೊಂಡಿತ್ತು. ಅಲ್ಲಿ ಗಂಡಹೆಂಡತಿ ಇಬ್ಬರೂ ಪಾಳಿಯ ಮೇಲೆ ಹಳಿಗೋ ವರ್ಕ್‌ಶಾಪಿಗೋ ಹೋಗುವವರು. ಬೀಗ ಹಾಕಿದ ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ಪರದೆಯ ಮುಂದೆ ಒಂಟಿಯಾಗಿ ಬಿಡಲಾರೆವು ಎಂದು ಅವರು ಹಟ ಹಿಡಿದಿದ್ದರು. ಶಾಲೆಗೆ ಇದ್ದವರು ಒಬ್ಬರೇ ಮಾಸ್ತರು, ದಾವಲಸಾಬ್ ನದಾಫ್. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಆ ವರ್ಷ ಇಲಾಖೆಯಿಂದ ಆದೇಶ ಬಂತು: ಈ ಮಕ್ಕಳಿಗೂ ಸ್ವಲ್ಪ ಕಾಲ ಹಣೆಪಟ್ಟಿ ಕಟ್ಟಬೇಕು, ಹೊಳಹು ಮನೆಪಾಠದ ಸರಾಸರಿಗಿಂತ ಕಡಿಮೆ ಇದ್ದರೆ ಶಾಲೆ ಮುಚ್ಚಬೇಕು.

ಪಟ್ಟಿ ಕಟ್ಟಿದ ವಾರವಿಡೀ ಆ ಶಾಲೆಯ ಜಾಗ ಗೋಡೆಯ ಮೇಲೆ ಕಪ್ಪಾಗಿಯೇ ಇತ್ತು. ಎಲ್ಲೋ ಒಂದು ಚುಕ್ಕೆ ಮಿಣುಕಿ ಆರುತ್ತಿತ್ತು. ನಮ್ಮ ನಿರ್ದೇಶಕ ಪ್ರಲ್ಹಾದ ಇನಾಮದಾರರು ಕನ್ನಡಕ ಏರಿಸಿ ನೋಡಿದರು.

"ಮಂಗಳಾ ಅವರ, ಇದು ಶಾಲಿ ಅದನೋ ಗೋಡೌನ್ ಅದನೋ?"

"ಪಟ್ಟಿಗೋಳು ಕೆಟ್ಟಿರಬಹುದ್ರೀ ಸರ."

"ಹಂಗಾದ್ರ ಒಮ್ಮೆ ಹೋಗಿ ನೋಡಿ ಬರ್ರಿ. ಪಟ್ಟಿ ಸರಿ ಇದ್ದರ ಮುಚ್ಚೂ ಆದೇಶಕ್ಕ ನಾ ಸಹಿ ಮಾಡಾಂವ. ನಾಕು ಮಂದಿ ಹುಡುಗರನ್ನ ಕತ್ತಲಾಗ ಇಡೂದು ನನಗ ಪಾಪ ಅನಸ್ತದ."

ಅವರು ಕೆಟ್ಟವರಲ್ಲ. ಆ ಮಾತನ್ನು ಮನಸಾರೆ ಹೇಳಿದ್ದರು, ನಾನೂ ಮನಸಾರೆ ಒಪ್ಪಿದ್ದೆ.

ನಾನು ಹೋದ ದಿನ ಮನೆಪಾಠದ ಜಾಲ ದುರಸ್ತಿಯಲ್ಲಿತ್ತು, ಎಲ್ಲ ಮಕ್ಕಳಿಗೂ ರಜೆ. ಚನ್ನವೀರರಿಗೆ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಡ್ಯೂಟಿ. ಹಾಗಾಗಿ ಹೊನ್ನಿಯನ್ನೂ ಕರೆದುಕೊಂಡು ಹೋದೆ. ಸುಳ್ಳೇಕೆ, ನಮ್ಮ ಹುಡುಗಿಯನ್ನು ನೋಡಿ ಆ ಮಾಸ್ತರು ದಂಗಾಗಲಿ ಎಂಬ ಆಸೆಯೂ ಇತ್ತು.

ಒಳಗೆ ಕಾಲಿಟ್ಟರೆ ಸಂತೆ. ಒಬ್ಬಳು ಬೆಂಚಿನ ಮೇಲೆ ಮಂಡಿಯೂರಿ ಇನ್ನೊಬ್ಬಳಿಗೆ ಏನೋ ಕೂಗಿ ಹೇಳುತ್ತಿದ್ದಾಳೆ, ಮೂಲೆಯಲ್ಲಿ ಮೂವರು ಸೀಮೆಸುಣ್ಣಕ್ಕೆ ಕಿತ್ತಾಡುತ್ತಿದ್ದಾರೆ. ಎಲ್ಲರ ಹಣೆಯ ಮೇಲೂ ನಮ್ಮ ಪಟ್ಟಿ, ಎಲ್ಲರ ಬಾಯಿಯೂ ತೆರೆದೇ ಇದೆ.

"ಬರ್ರಿ ಮೇಡಂ, ಕುಂದರ್ರಿ. ಗದ್ದಲ ಐತಿ, ಮನಸಿಗಿ ಹಚ್ಚಿಕೋಬ್ಯಾಡ್ರಿ," ಎಂದರು ನದಾಫ್ ಮಾಸ್ತರು. ದಪ್ಪ ಮೀಸೆ, ಸೀಮೆಸುಣ್ಣ ಮೆತ್ತಿದ ಅಂಗಿ. ಅಷ್ಟರಲ್ಲಿ ಸಾವಿತ್ರಿ ಎಂಬ ಹುಡುಗಿ ಲೆಕ್ಕ ಬಿಡಿಸಿ ಪಾಟಿ ಎತ್ತಿ ತೋರಿಸಿದಳು. ಮಾಸ್ತರು ಚಪ್ಪಾಳೆ ತಟ್ಟಿ, "ಸಾವಿತ್ರಿ ಏರಿದ್ಲು! ಬ್ಯಾಂಕರ್ ಹೋಗವಾ!" ಎಂದರು. ಅವಳು ತನ್ನ ಜಾಗ ಬಿಟ್ಟು, ಇನ್ನೂ ತಡವರಿಸುತ್ತಿದ್ದ ಮೋನೇಶ ಎಂಬ ಹುಡುಗನ ಬಳಿ ಹೋಗಿ ಕೂತಳು.

ಬ್ಯಾಂಕರ್ ಎಂದರೆ ರೈಲ್ವೆಯವರ ಮಾತು. ಕ್ಯಾಸಲ್‌ರಾಕ್ ಘಟ್ಟ ಏರಲಾರದ ಭಾರದ ಗಾಡಿಗೆ ಹಿಂದಿನಿಂದ ತಳ್ಳಲು ಜೋಡಿಸುವ ಎಂಜಿನ್ ಅದು. ಒಂದು ಗಾಡಿಯನ್ನು ಮೇಲೆ ಮುಟ್ಟಿಸಿ ಮತ್ತೆ ಕೆಳಗಿಳಿದು ಇನ್ನೊಂದಕ್ಕೆ ಹೆಗಲು ಕೊಡುತ್ತದೆ. ಅಪ್ಪಂದಿರ ಬಾಯಲ್ಲಿ ಈ ಮಾತು ಕೇಳಿ ಬೆಳೆದ ಮಕ್ಕಳು ಅದನ್ನು ತರಗತಿಯೊಳಗೆ ತಂದಿದ್ದರು. ಲೆಕ್ಕ ತಿಳಿದವರು ಸುಮ್ಮನೆ ಕೂರುವ ಹಾಗಿಲ್ಲ, ಹಿಂದಕ್ಕೆ ಹೋಗಿ ಒಬ್ಬರನ್ನು ತಳ್ಳಬೇಕು.

ಹೊನ್ನಿ ಬೋರ್ಡಿನ ಮೇಲಿನ ಲೆಕ್ಕ ನೋಡಿದಳು. ಮೂರನ್ನು ಅರ್ಧದಿಂದ ಭಾಗಿಸಿ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆರು ಎಂದು ಬರೆದಳು. ನಾನು ಮಾಸ್ತರರ ಮುಖ ನೋಡಿದೆ.

"ಭಾಳ ಛಲೋ," ಎಂದರು ಮಾಸ್ತರು. "ಹಂಗಾರ ನಮ್ಮ ಪಾರಿಗೆ ಬ್ಯಾಂಕರ್ ಹೋಗವಾ."

ಪಾರಿ ಹಳಿ ಕಾಯುವ ಗ್ಯಾಂಗ್‌ಮನ್ ಒಬ್ಬರ ಮಗಳು, ಹೊನ್ನಿಗಿಂತ ಒಂದು ವರ್ಷ ಚಿಕ್ಕವಳು, ಎರಡು ಜಡೆಯ ಹಟಮಾರಿ. ಹೊನ್ನಿ ಪಕ್ಕಕ್ಕೆ ಕೂತ ಕೂಡಲೇ ಪಾರಿ ಕೇಳಿದಳು, "ಭಾಗಿಸಿದರ ಕಡಿಮಿ ಆಗಬೇಕಲ್ಲ? ಮೂರ ಹೋಗಿ ಆರ ಹೆಂಗಾತು?"

"ಅರ್ಧಾನ್ನ ತಿರುವಿ ಗುಣಿಸಬೇಕು."

"ಯಾಕ?"

"ಹಂಗ ಮಾಡಿದರ ಉತ್ತರ ಬರತೈತಿ."

"ಬರತೈತಿ ಖರೆ. ಯಾಕ ಬರತೈತಿ?"

ಎಲ್ಲಿಂದಲಾದರೂ ಬೋಧಕದ ದನಿ ಬಂದೀತೇನೋ ಎಂಬಂತೆ ಹೊನ್ನಿಯ ಕೈ ತಾನಾಗಿ ಹಣೆಯ ಕಡೆ ಹೋಯಿತು. ಪಾರಿ ಬಹಳ ಮರ್ಯಾದೆಯಿಂದ, "ಇರಲಿ ಬಿಡಕ್ಕಾ, ನಿನಗೂ ಗೊತ್ತಿಲ್ಲ ಅನಸ್ತೈತಿ," ಎಂದಳು. ನನ್ನ ಮಗಳ ಮುಖ ಸಪ್ಪಗಾಯಿತು. ನನ್ನ ಮುಖ ಹೇಗಿತ್ತೋ, ನೋಡಿದವರು ಹೇಳಬೇಕು.

ಪಟ್ಟಿಗಳನ್ನು ಪರೀಕ್ಷಿಸಿದೆ. ಒಂದೂ ಕೆಟ್ಟಿರಲಿಲ್ಲ. ಇನಾಮದಾರರ ಸಹಿಗೆ ಇನ್ನು ಅಡ್ಡಿಯಿರಲಿಲ್ಲ.

ಸಂಜೆ ಚನ್ನವೀರ ರೊಟ್ಟಿ ಬಡಿಯುತ್ತಿದ್ದರು. ನಮ್ಮ ಮನೆಯಲ್ಲಿ ರೊಟ್ಟಿ ಅವರ ಕೆಲಸ, ನಾನು ಬಡಿದರೆ ನಕಾಶೆಯಾಗುತ್ತದೆ. ಹೊನ್ನಿ ಒಲೆಯ ಪಕ್ಕ ಮುಖ ಊದಿಸಿಕೊಂಡು ಕೂತಿದ್ದಳು.

"ಅವ್ವಾ, ಬೋಧಕ ನನಗ ಎಲ್ಲಾ ಹೇಳೇತಿ. ಆದರ ನೀ ಹೇಳು ಅಂತ ಒಮ್ಮಿನೂ ಕೇಳಿಲ್ಲ."

"ಅದ್ಯಾಕ ಕೇಳಬೇಕು? ನಿನಗ ತಿಳದೈತಿ ಅಂತ ಅದಕ್ಕ ಗೊತ್ತಾಗತೈತಿ."

"ತಿಳದಿದ್ದರ ಪಾರಿಗೆ ಹೇಳಾಕ ಯಾಕ ಬರಲಿಲ್ಲ?" ಎಂದು ಸಿಡಿದಳು. "ನಾ ನಾಳೆ ಅಲ್ಲೇ ಹೋಗಾಕಿ."

"ಹುಚ್ಚಿ! ಏಳು ಜಿಲ್ಲಾಕ್ಕ ಮೊದಲನೇ ಸಾಲಿನಾಗ ಅದೀ ನೀ. ಮುಚ್ಚೂ ಶಾಲಿಗೆ ಹೋಗಿ ಏನ್ ಮಾಡತೀ?"

"ಮುಚ್ಚೂ ತನಕ ಹೋಗತೀನಿ."

ಚನ್ನವೀರ ಹಂಚಿನ ಮೇಲಿನ ರೊಟ್ಟಿ ಮಗುಚಿ ನಕ್ಕರು. "ಜಂಬಕ್ಕ ಪೆಟ್ಟು ಬಿದ್ದೈತಿ, ತಾಯಿಗೂ ಮಗಳಿಗೂ. ಮೊದಲ ಬಿಸಿ ರೊಟ್ಟಿ ತಿನ್ರಿ, ಆರತೈತಿ."

ಮಗಳು ಹೋದಳು. ತಡೆಯಬಹುದಿತ್ತು, ತಡೆಯಲಿಲ್ಲ. ಅವಳ ಪ್ರಶ್ನೆ ನನ್ನನ್ನೂ ಚುಚ್ಚಿತ್ತು. ತಿಳಿದಿದ್ದರೆ ಹೇಳಲು ಏಕೆ ಬರಲಿಲ್ಲ? ಕೊಠಡಿಗೆ ಬಂದವಳೇ ಶಾಲೆಯ ಪಟ್ಟಿಗಳೊಳಗೆ ದಾಖಲಾಗಿದ್ದ ಮೂಲ ಸಂಕೇತಗಳನ್ನು ತೆರೆದೆ. ಗೋಡೆಗೆ ಬರುವ ಮೊದಲು ಆ ಸಂಕೇತಗಳು ಒಂದು ಸೋಸುವ ವ್ಯವಸ್ಥೆಯನ್ನು ದಾಟಬೇಕು. ಅದಕ್ಕೆ ನಾವು ಜರಡಿ ಎನ್ನುತ್ತೇವೆ. ಮಾತಾಡುವಾಗ ದವಡೆಯ ಸ್ನಾಯುಗಳು ಎಬ್ಬಿಸುವ ವಿದ್ಯುತ್ ಗದ್ದಲದಲ್ಲಿ ಮಿದುಳಿನ ಅಲೆ ಮುಳುಗಿಹೋಗುತ್ತದೆ. ಆದ್ದರಿಂದ ಮಗುವಿನ ಬಾಯಿ ಆಡುತ್ತಿರುವಷ್ಟು ಹೊತ್ತಿನ ಸಂಕೇತವನ್ನೆಲ್ಲ ಜರಡಿ ಕಸವೆಂದು ಎಸೆಯುತ್ತಿತ್ತು.

ನಾನು ಕೆಲಸಕ್ಕೆ ಸೇರುವ ಮೊದಲೇ ಅದನ್ನು ಕಟ್ಟಿದ್ದರು. ಕಟ್ಟಿದವರು ಬುದ್ಧಿವಂತರೇ. ಆದರೆ ಅವರೆಲ್ಲ ಚಿಕ್ಕಂದಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು, ಯಾರೂ ಮಾತಾಡಿಸಬೇಡಿ ಎಂದು ಹೇಳಿ, ಒಬ್ಬರೇ ಓದಿ ಮೊದಲ ಸ್ಥಾನ ಬಂದವರು. ಬಾಯಿ ಆಡುತ್ತಿರುವಾಗ ತಲೆಗೆ ಏನಾದರೂ ಇಳಿದೀತು ಎಂಬುದು ಅವರ ಕನಸಿನಲ್ಲೂ ಬಂದಿರಲಿಲ್ಲ.

ನಾನು ಜರಡಿಯನ್ನು ಬದಿಗಿಟ್ಟೆ. ಪಟ್ಟಿಯ ತುದಿಯಲ್ಲಿ, ಕಿವಿಯ ಹತ್ತಿರ, ದವಡೆಯ ಗದ್ದಲವನ್ನು ಮಾತ್ರ ಹಿಡಿಯುವ ಒಂದು ಸಂವೇದಕ ಇತ್ತು. ಅದು ಹಿಡಿದದ್ದನ್ನು ಒಟ್ಟು ಸಂಕೇತದಿಂದ ಕಳೆಯುತ್ತ ಹೋದೆ. ಅಕ್ಕಿಯಲ್ಲಿನ ಕಲ್ಲು ಆರಿಸುವ ಹಾಗೆ ಬೇಸರದ ಕೆಲಸ. ಆ ವಾರ ಬೇರೇನೂ ಮಾಡಲಿಲ್ಲ. ಕೊನೆಗೆ ಕಲ್ಲು ಹೋಗಿ ಅಕ್ಕಿ ಉಳಿಯಿತು, ಅಂದರೆ ಹೊಳಹು ಉಳಿಯಿತು. ಹೇಳಿಸಿಕೊಂಡ ಮಗುವಿನ ಹೊಳಹು ಮಾತ್ರವಲ್ಲ, ಹೇಳಿಕೊಟ್ಟ ಮಗುವಿನದೂ ಇತ್ತು, ಮತ್ತು ಅದು ದೊಡ್ಡದಿತ್ತು. ಆಗಲೇ ತಿಳಿದಿದ್ದ ಲೆಕ್ಕ ಇನ್ನೊಬ್ಬರಿಗೆ ಹೇಳುವಾಗ ಅವರಿಗೆ ಎರಡನೇ ಸಲ ತಿಳಿಯುತ್ತಿತ್ತು. ಅಂಥ ಹೊಳಹನ್ನು ನಮ್ಮ ಗೋಡೆ ಒಂದು ದಿನವೂ ಕಂಡಿರಲಿಲ್ಲ. ಹೇಳಿಕೊಟ್ಟ ಮಕ್ಕಳ ಆ ಹೊಳಹುಗಳಲ್ಲಿ ಹೊನ್ನಿಯದು ಮಾತ್ರ ಇರಲಿಲ್ಲ. ಮನೆಯ ತನ್ನ ಪಟ್ಟಿಯನ್ನೇ ಕಟ್ಟಿಕೊಂಡು ದಿನವೂ ಹೋಗುತ್ತಿದ್ದಳು, ದಿನವೂ ಯಾರನ್ನಾದರೂ ತಳ್ಳಲು ನೋಡುತ್ತಿದ್ದಳು, ಸೋತು ಬರುತ್ತಿದ್ದಳು.

ಇನಾಮದಾರರು ನನ್ನ ಅಂಕಿಗಳನ್ನು ಎರಡೆರಡು ಸಲ ನೋಡಿದರು.

"ಇದು ನೀವು ತೊಳದು ತಂದದ್ದು. ತೊಳಿಯೋದ್ರಾಗ ಬಣ್ಣಾ ಹಚ್ಚೀರಿ ಅಂತ ನಾಳೆ ಯಾರರ ಅಂದರ ನಾ ಏನ್ ಹೇಳ್ಲಿ?"

"ಏನ್ ಮಾಡಬೇಕು ಹೇಳ್ರಿ ಸರ."

"ನನ್ನ ಕಣ್ಣಮುಂದ ತೋರಸ್ರಿ. ಸಮಿತಿಯವರನ್ನ ಕರಕೊಂಡು ಶಾಲಿಗೆ ಬರ್ತೀನಿ. ಹುಡುಗರನ್ನ ನಾನs ಆರಿಸ್ತೀನಿ. ಎದುರಿಗೆ ಹೊಳಹು ಬಂತು, ಶಾಲಿ ಉಳೀತು. ಬರಲಿಲ್ಲ, ಅವತ್ತs ಸಹಿ."

ಒಪ್ಪಿದೆ. ನನ್ನ ಮಗಳು ಅಲ್ಲಿಗೆ ಹೋಗುತ್ತಿದ್ದಾಳೆ ಎಂದು ಮಾತ್ರ ಅವರಿಗೆ ಹೇಳಲಿಲ್ಲ. ತಾಯಿ ಮಗಳು ಸೇರಿ ಅಂಕಿ ತಿದ್ದಿದರು ಎಂಬ ಮಾತು ನನಗೆ ಬೇಡವಾಗಿತ್ತು. ಹೇಗೂ ಅವಳನ್ನು ಯಾರು ಆರಿಸುತ್ತಾರೆ ಎಂದುಕೊಂಡೆ.

ಸಮಿತಿಯವರು ಬಂದ ದಿನ ಕೋಣೆಯ ಹೊರಗೆ ಪಾಲಕರು ಗುಂಪಾಗಿ ನಿಂತಿದ್ದರು. ಎಣ್ಣೆ ಮೆತ್ತಿದ ಅಂಗಿಯಲ್ಲೇ ಪಾಳಿ ಮುಗಿಸಿ ಬಂದವರು. ಅವರ ಕಡೆ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಬೋರ್ಡಿನ ಪಕ್ಕ ಒಂದು ಪರದೆ ನಿಲ್ಲಿಸಿ, ಜರಡಿ ತೆಗೆದು, ನನ್ನ ಹೊಸ ವಿಧಾನ ಜೋಡಿಸಿದೆ. ಇನಾಮದಾರರು ಎಲ್ಲರಿಗಿಂತ ಕಡಿಮೆ ಹೊಳಹಿನ ಮಗುವನ್ನು ಹುಡುಕಿದರು. ಪಾರಿ. ಅವಳ ಆ ಭಾಗಾಕಾರ ಇನ್ನೂ ಘಟ್ಟದ ಬುಡದಲ್ಲೇ ನಿಂತಿತ್ತು. ಏಕೆ ಎಂದು ತಿಳಿಯದೆ ಉತ್ತರ ಒಪ್ಪುವವಳಲ್ಲ ಆಕೆ.

"ನಿನಗ ಯಾರು ಹೇಳಿಕೊಡಬೇಕವಾ?" ಎಂದು ಕೇಳಿದರು.

ಪಾರಿ ಸಾವಿತ್ರಿಯನ್ನು ನೋಡಿದಳು, ಉಳಿದವರನ್ನು ನೋಡಿದಳು. "ಹೊನ್ನಕ್ಕ ಬರಲಿ. ಆಕಿಗೂ ಗೊತ್ತಿಲ್ಲ, ಆದರ ದಿನಾ ಬರತಾಳ."

ನಾನು ಪರದೆಯ ತಂತಿ ಸರಿಪಡಿಸುವವಳಂತೆ ಬಗ್ಗಿದೆ. ನದಾಫ್ ಮಾಸ್ತರು ನನ್ನನ್ನು ನೋಡಿ ಪಕ್ಕಕ್ಕೆ ಸರಿದರು.

ಹೊನ್ನಿ ಹೋಗಿ ಕೂತಳು. ಮೊದಲು ರೊಟ್ಟಿಯಿಂದ ಶುರುಮಾಡಿದಳು, ಬೋಧಕ ಅವಳಿಗೆ ಹೇಳಿದ್ದು ಅದೇ. ಮೂರು ರೊಟ್ಟಿ, ಅರ್ಧರ್ಧ ಮಾಡಿದರೆ ಆರು ತುಂಡು. "ತುಂಡು ಆರಾದರ ಏನ ಬಂತು? ರೊಟ್ಟಿ ಮೂರs ಅಲ್ಲ?" ಎಂದಳು ಪಾರಿ. ಮಕ್ಕಳು ನಕ್ಕರು. ಪರದೆ ಕಪ್ಪಗಿತ್ತು. ಹೊನ್ನಿ ಪಾಟಿಯ ಮೇಲೆ ಗೆರೆ ಎಳೆದಳು, ಅಳಿಸಿದಳು. ಸಮಿತಿಯಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಇನಾಮದಾರರು ಜೇಬಿನಿಂದ ಪೆನ್ನು ತೆಗೆದರು.

ಹೊನ್ನಿ ಪಾಟಿಯನ್ನು ಪಕ್ಕಕ್ಕಿಟ್ಟು ಪಾರಿಯ ಕಡೆ ತಿರುಗಿದಳು. ಆಮೇಲೆ ಕೇಳಿದಳು, "ಪಾರಿ, ನೀ ಇವತ್ತು ತಡಾ ಮಾಡಿ ಯಾಕ ಬಂದಿ?"

"ನಳಾ ಬಂದಿತ್ತು. ನೀರ ತುಂಬಿ ಬಂದೆ."

"ಬ್ಯಾರಲ್ಲಿಗೆ ಮೂರು ಕೊಡ ನೀರು ಬೇಕು ಅಂತ ತಿಳಿ. ಕೊಡಾ ಒಯ್ದರ ನಳಕ್ಕ ಎಷ್ಟು ಸಲ ಹೋಗತೀ?"

"ಮೂರು ಸಲ."

"ಕೊಡಾ ನಿಮ್ಮವ್ವ ಒಯ್ದಾಳ. ನಿನ್ನ ಕೈಯಾಗ ಅರ್ಧ ಕೊಡ ಹಿಡಿಯೂ ಬಿಂದಗಿ ಐತಿ. ಈಗ?"

ಪಾರಿ ಬೆರಳು ಮಡಚುತ್ತ ಮಡಚುತ್ತ ನಿಂತುಬಿಟ್ಟಳು. "ಆರ ಸಲ... ಅಕ್ಕಾ! ಬಿಂದಗಿ ಸಣ್ಣದಾದರ ಹೆಚ್ಚ ಸಲ ತಿರಗಬೇಕು!"

"ಹೂಂ! ಸಣ್ಣದರಿಂದ ಭಾಗಿಸಿದರ..." ಎಂದ ಹೊನ್ನಿ ನಡುವೆಯೇ ನಿಂತಳು. ಅವಳ ಕಣ್ಣುಗಳು ಅಗಲವಾದವು. "ಹೆಚ್ಚು ಬರಲೇಬೇಕು! ಒಂದು ಕೊಡಕ್ಕ ಎರಡು ಸಲ, ಮೂರು ಕೊಡಕ್ಕ ಮೂರೆರಡ್ಲೆ ಆರು ಸಲ! ಪಾರಿ, ತಿರುವಿ ಗುಣಿಸೂದು ಅಂದರ ಇದs! ಇದs ಅದು!"

ಪರದೆಯ ಮೇಲೆ ಪಾರಿಯ ಚುಕ್ಕೆ ಹತ್ತಿತು. ಅದರ ಬೆನ್ನಿಗೇ ಹೊನ್ನಿಯದು ಹತ್ತಿತು. ನಾನು ಇಷ್ಟು ವರ್ಷ ನಮ್ಮ ಕೊಠಡಿಯ ಗೋಡೆಯ ಮುಂದೆ ಕೂತವಳು, ಅಂಥ ಹಸಿರನ್ನು ಕಂಡಿರಲಿಲ್ಲ. ಬಾಗಿಲಲ್ಲಿ ನಿಂತ ಪಾಲಕರಲ್ಲಿ ಯಾರೋ ಸಿಳ್ಳೆ ಹಾಕಿದರು.

ಸಮಿತಿಯವರು ಪರದೆಗೆ ಮುಖ ಹಚ್ಚಿ ನಿಂತರು. ಇನಾಮದಾರರು ಪೆನ್ನನ್ನು ಜೇಬಿಗಿಟ್ಟರು. "ಶಾಲಿ ಉಳೀತು ಮಾಸ್ತರ," ಎಂದರು. ದನಿಯಲ್ಲಿ ಸೋಲಿನ ಕಹಿ ಇರಲಿಲ್ಲ, ಸಂತೋಷವೇ ಇತ್ತು. "ಮನೀಪಾಠಾನೂ ಇರಲಿ, ಅದಕ್ಕೂ ಅದರದೇ ಕೆಲಸ ಅದ. ಆದರ ಆ ಹುಡುಗರಿಗೂ ವಾರಕ್ಕ ಒಂದಿಷ್ಟು ದಿನಾ ಇಂಥಾ ಕೋಣಿ ಬೇಕು. ಜರಡಿ ನಾಳೆನs ತಗಸ್ತೀನಿ. ನಡೀರಿ, ಊಟದ ಹೊತ್ತಾತು."

"ಒಂದೀಟ ತಡೀರಿ ಸರ," ಎಂದರು ನದಾಫ್ ಮಾಸ್ತರು. "ಮೋನೇಶ ಇನ್ನೂ ಘಟ್ಟದ ಕೆಳಗ ನಿಂತಾನ. ಪಾಠ ನಡದಾಗ ದೊಡ್ಡವರು ಎದ್ದು ಹೋದರ ಹುಡುಗರ ಮನಸ್ಸು ಒಡೀತೈತಿ."

ತಿರುಗಿ ನೋಡಿದರೆ ಪಾರಿ ಆಗಲೇ ಎದ್ದುಹೋಗಿ ಮೋನೇಶನ ಪಕ್ಕ ಕೂತಿದ್ದಳು. ಯಾರೂ ಅವಳಿಗೆ ಹೋಗು ಎಂದಿರಲಿಲ್ಲ. ಏಳು ಜಿಲ್ಲೆಗಳ ನಿರ್ದೇಶಕರು ಹಸಿದ ಹೊಟ್ಟೆಯಲ್ಲಿ, ಮಂಡಿ ಗದ್ದಕ್ಕೆ ತಾಗುವಂತಹ ಪುಟ್ಟ ಬೆಂಚಿನ ಮೇಲೆ ಮತ್ತೆ ಕೂತರು. ಸಮಿತಿಯೂ ಕೂತಿತು.

ಪಾರಿ ನಳ, ಕೊಡ, ಬಿಂದಿಗೆ ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಅವಳು ತಡವರಿಸಿದಾಗ ಹಿಂದಿನ ಬೆಂಚಿನಿಂದ ಹೊನ್ನಿ ಮೆಲ್ಲಗೆ ಒಂದು ಮಾತು ಎತ್ತಿಕೊಡುವಳು, ಮತ್ತೆ ಸುಮ್ಮನಾಗುವಳು. ತನ್ನ ಚುಕ್ಕೆ ಎಷ್ಟು ದೊಡ್ಡದಿತ್ತು ಎಂದು ಪರದೆಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಳ ಕಣ್ಣು ಮೋನೇಶನ ಮುಖದ ಮೇಲೇ ಇತ್ತು.

ಇನಾಮದಾರರು ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು, "ಹಿಂದ ಕೂತಾಳಲ್ಲ, ಆ ಹುಡುಗಿ ಯಾರ್ರೀ?"

ಅವಳು ಮೊದಲ ಸಾಲಿನ ಹೊನ್ನಮ್ಮ ಹೂಗಾರ ಎನ್ನಬಹುದಿತ್ತು. ನಮ್ಮ ನಿಯಂತ್ರಣ ಕೊಠಡಿಯಲ್ಲಿ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗಿದವಳು ನಾನು. ಅದೊಂದೂ ಬಾಯಿಗೆ ಬರಲಿಲ್ಲ.

"ನನ್ನ ಮಗಳ್ರೀ ಸರ," ಎಂದೆ. ಅಷ್ಟು ಜಂಬದಿಂದ ಆ ಮಾತನ್ನು ನಾನು ಹಿಂದೆಂದೂ ಹೇಳಿರಲಿಲ್ಲ.